ಹಿಗ್ಗುವ ಕಿಟಕಿ

ಕಿಟಕಿಯ ಹಿಡಿಕೆ ಕ್ರಿಕೆಟ್ ಬ್ಯಾಟಿನಷ್ಟು ಉದ್ದವಾಗಿತ್ತು. ಚಿಲಕ ತಾನು ಸೇರಬೇಕಾದ ತೂತಿನಿಂದ ಒಂದು ಗೇಣು ಆಚೆ ನಿಂತಿತ್ತು. ದುಂಡಗಿದ್ದ ಬಿಜಾಗರಿಗಳು ಮೊಟ್ಟೆಯ ಆಕಾರಕ್ಕೆ ತಿರುಗಿದ್ದವು. ಗಾಜಂತೂ ಮೊದಲ ಎಳೆತಕ್ಕೇ ಸಿಡಿದು ಪ್ರಯೋಗಾಲಯದ ನೆಲದ ಮೇಲೆ ಸಕ್ಕರೆಯಂತೆ ಚೆಲ್ಲಿತ್ತು.

ಅತಿಥಿಗಳ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸರ್ಕಾರದ ಕಡೆಯಿಂದ ಬಂದಿದ್ದ ಅಧಿಕಾರಿ ಮಾತ್ರ ನಗಲಿಲ್ಲ. "ಡಾಕ್ಟರೇ, ನಾಲ್ಕು ತಿಂಗಳು ಟೈಮ್ ಕೊಡ್ತೀವಿ. ಆಮೇಲೂ ಹೀಗೇ ಆದ್ರೆ ನಾವು ಕಟ್ಟಿಸ್ತಿರೋ ಐದು ಮಹಡಿ ಕಟ್ಟಡಕ್ಕೆ ಮಾಮೂಲಿ ಕಿಟಕಿ ಕೂರಿಸಿ ಮುಗಿಸಿಬಿಡಿ" ಎಂದು ಹೇಳಿ ಕಾರು ಹತ್ತಿದರು.

ಡಾ. ಜಯತೀರ್ಥ ಗಲಗಲಿಯವರು ತಮ್ಮ ಅರ್ಧ ಆಯುಷ್ಯವನ್ನು ಕಲಬುರಗಿಯ ಆ ಪ್ರಯೋಗಾಲಯದಲ್ಲಿ ಕಳೆದವರು. ಅಲ್ಲಿ ಅವರು ಸೃಷ್ಟಿಸಿದ ವಸ್ತುವಿಗೆ ಮಿದುಗಲ್ಲು ಎಂದು ಹೆಸರು. ಶಹಾಬಾದ್ ಕಲ್ಲಿನ ಗಣಿಗಳಲ್ಲಿ ಗುಡ್ಡಗುಡ್ಡವಾಗಿ ಬಿದ್ದಿದ್ದ ಪುಡಿಯನ್ನು ತಂದು, ಪ್ರತಿ ಕಣಕ್ಕೂ ತೆಳುವಾದ ಲೇಪವೊಂದನ್ನು ಕೊಟ್ಟು ಮಾಡಿದ್ದು. ಗೋಡೆಯೊಳಗಿನ ತಂತಿಗಳಲ್ಲಿ ಸಣ್ಣ ಪ್ರಮಾಣದ ವಿದ್ಯುತ್ ಹರಿಸಿದರೆ ಲೇಪ ಜಾರುತ್ತದೆ. ಕಣಗಳು ಒಂದರ ಮೇಲೊಂದು ಸರಿದು, ನಾದಿದ ಹಿಟ್ಟಿನಂತೆ ಹೇಳಿದ ಕಡೆಗೆ ಹೊರಳುತ್ತವೆ. ವಿದ್ಯುತ್ ನಿಂತರೆ ಮತ್ತೆ ಅಪ್ಪಟ ಕಲ್ಲು. ಎತ್ತ ಹೊರಳಬೇಕೆಂದು ಹೇಳುವುದು ಕಟ್ಟಡದ ನಕ್ಷೆ. ಕಟ್ಟಡ ಎದ್ದ ಮೇಲೂ ಆ ನಕ್ಷೆ ಕಂಪ್ಯೂಟರಿನಲ್ಲಿ ಜೀವಂತವಾಗಿರುತ್ತದೆ. ಪರದೆಯ ಮೇಲೆ ಕಿಟಕಿಯ ಅಂಚು ಹಿಡಿದು ಎಳೆದರೆ ಗೋಡೆಯಲ್ಲಿರುವ ಕಿಟಕಿಯೂ ಹಿಗ್ಗಬೇಕು. ಒಳಕ್ಕೆ ತಳ್ಳಿದರೆ ಕುಗ್ಗಬೇಕು. ಗಾಜೊಂದನ್ನು ಬಿಟ್ಟು ಕಿಟಕಿಯ ಚೌಕಟ್ಟು, ಸರಳು, ಹಿಡಿಕೆ, ಚಿಲಕ ಎಲ್ಲವೂ ಮಿದುಗಲ್ಲಿನವೇ. ಬೇಸಿಗೆಯ ಮಧ್ಯಾಹ್ನ ಕೆಂಡದಂತೆ ಕಾಯುವ ಊರಿನಲ್ಲಿ ಇಂಥ ಗೋಡೆಗೆ ಎಷ್ಟು ಬೆಲೆಯಿದೆ ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

ಅಂದು ಗೋಡೆ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತ್ತು. ಕೆಟ್ಟದ್ದು ಕಿಟಕಿ.

ಎಲ್ಲರೂ ಹೋದ ಮೇಲೆ ಮಹಾನಂದಾ ಕಲಶೆಟ್ಟಿ ಆ ಉದ್ದನೆಯ ಹಿಡಿಕೆಯನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಅವಳು ಅಲ್ಲಿಗೆ ಸೇರಿ ಒಂದೆರಡು ವಾರವಾಗಿತ್ತಷ್ಟೆ. ಕಟ್ಟಡ ವಿನ್ಯಾಸದ ತಂತ್ರಾಂಶಗಳಿಗೆ ಬಾಗಿಲು, ಕಿಟಕಿ, ಮೆಟ್ಟಿಲುಗಳ ಸಿದ್ಧ ಘಟಕಗಳನ್ನು ಮಾಡಿಕೊಡುವುದು ಅವಳ ಕಸುಬು. ಒಮ್ಮೆ ಅವಳು ಮಾಡಿಟ್ಟ ಕಿಟಕಿಯನ್ನು ನಕ್ಷೆ ಬರೆಯುವವರು ಎಷ್ಟು ಗೋಡೆಗಳಿಗೆ ಬೇಕಾದರೂ ಎತ್ತಿ ಕೂರಿಸಿಕೊಳ್ಳಬಹುದು.

"ಸರ್, ಗ್ವಾಡಿದೇನೂ ತಪ್ಪಿಲ್ಲ. ಹಿಗ್ಗೂದು ಹೆಂಗಂತ ಕಿಟಕಿಗಿ ಯಾರೂ ಹೇಳಿಕೊಟ್ಟಿಲ್ಲ" ಎಂದಳು.

ಗಲಗಲಿಯವರು ಕುರ್ಚಿಯಲ್ಲಿ ಕುಸಿದು ಕೂತಿದ್ದರು. "ಹಿಗ್ಗೂದು ಅಂದ್ರ ಹಿಗ್ಗೂದು. ಅದರಾಗ ಕಲಿಸೂದೇನದ?"

"ನೀವು ಸಣ್ಣವರಿದ್ದಾಗಿನ ಅಂಗಿ ನೆನಪು ಮಾಡ್ಕೋರಿ. ಈಗಿನ ಅಂಗಿ ಅದರಕ್ಕಿಂತ ನಾಕು ಪಟ್ಟು ದೊಡ್ಡದದ. ಹಂಗಂತ ಗುಂಡಿ ನಾಕು ಪಟ್ಟು ದೊಡ್ಡವಾಗ್ಯಾವೇನ್ರಿ? ಅರಿವಿ ಹಿಗ್ಗೇದ. ಗುಂಡಿ ಅಷ್ಟೇ ಅವ, ಒಂದೆರಡು ಹೆಚ್ಚಾಗ್ಯಾವ."

ಗಲಗಲಿಯವರು ಬಗ್ಗಿ ತಮ್ಮ ಅಂಗಿಯನ್ನು ನೋಡಿಕೊಂಡರು. ಆಮೇಲೆ ನೆಲದ ಗಾಜಿನ ಚೂರುಗಳನ್ನು ನೋಡಿದರು. "ನಾಕು ತಿಂಗಳದಾಗ ಆಗ್ತದೇನ್ರಿ ಇದು?" ಎಂದು ಕೇಳಿದರು.

"ಮಾಡೂಣ್ರಿ."

*

ಮಹಾನಂದಾಳ ಗಂಡ ಸಿದ್ರಾಮ ಪಿಯು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ. ಅತ್ತೆ ಚಂದ್ರಭಾಗಾಬಾಯಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾದವರು. ಹಿಂದಿನ ವರ್ಷ ಲಕ್ವ ಹೊಡೆದು ಅವರ ಬಲಭಾಗ ಬಿದ್ದುಹೋಗಿತ್ತು. ಮಾತು ಉಳಿದಿತ್ತು, ಆದರೆ ಪ್ರತಿ ಶಬ್ದವೂ ನಾಲಿಗೆಗೆ ಅಂಟಿಕೊಂಡು ನಿಧಾನವಾಗಿ ಬಿಡಿಸಿಕೊಂಡು ಬರುತ್ತಿತ್ತು. ದಿನವೆಲ್ಲ ಮಂಚದ ಮೇಲೆ ಮಲಗಿ ಛಾವಣಿ ನೋಡುವುದು ಅವರಿಗೆ ಸಾಕುಸಾಕಾಗಿತ್ತು.

ಸಂಜೆ ಮನೆಗೆ ಬಂದ ಮಹಾನಂದಾ ಅವರ ಮಂಚದ ಪಕ್ಕದಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಕೂರುತ್ತಿದ್ದಳು. ಸಿದ್ರಾಮ ರೊಟ್ಟಿ ಬಡಿಯುವ ಸದ್ದು ಅಡುಗೆಮನೆಯಿಂದ ಕೇಳುತ್ತಿತ್ತು. ಅವಳು ಕಿಟಕಿಯನ್ನು ಪರದೆಯ ಮೇಲೆ ಬಿಚ್ಚಿ ಹರವಿಕೊಂಡು, ಒಂದೊಂದು ಭಾಗಕ್ಕೂ ಒಂದೊಂದು ಬುದ್ಧಿ ಹೇಳುತ್ತಿದ್ದಳು. ಚೌಕಟ್ಟಿನ ಪಟ್ಟಿಗಳು ಉದ್ದವಾಗಬೇಕು, ಆದರೆ ದಪ್ಪವಾಗಬಾರದು. ಹಿಡಿಕೆ ಯಾವತ್ತೂ ಮನುಷ್ಯರ ಅಂಗೈ ಅಳತೆಗೇ ಇರಬೇಕು. ಕಿಟಕಿ ಆನೆಯಷ್ಟಾದರೂ ಅದನ್ನು ತೆಗೆಯುವ ಕೈ ಬೆಳೆಯುವುದಿಲ್ಲವಲ್ಲ. ಗಾಜನ್ನು ಎಳೆಯುವ ಯೋಚನೆಯನ್ನೇ ಅವಳು ಬಿಟ್ಟಳು. ಅದರ ಬದಲು ಗಾಜಿನ ಕಿರಿದಾದ ಪಟ್ಟಿಗಳನ್ನು ಇಸ್ಪೀಟ್ ಎಲೆಗಳಂತೆ ಒಂದರ ಹಿಂದೊಂದು ಅಡಗಿಸಿದಳು. ಕಿಟಕಿ ಹಿಗ್ಗಿದಂತೆ ಹಿಂದಿನದು ಮುಂದಕ್ಕೆ ಜರುಗಿ ಬರಬೇಕು.

"ಸರಳಿಂದೇನು ಮಾಡ್ದಿ?" ಎಂದು ಅತ್ತೆ ಒಂದು ಸಂಜೆ ಕೇಳಿದರು. ಸೊಸೆಯ ಕೆಲಸ ನೋಡುವುದು ಅವರಿಗೆ ಟಿವಿಗಿಂತ ಹೆಚ್ಚಿನ ರುಚಿ ಹತ್ತಿಸಿತ್ತು.

"ಕಿಟಕಿ ಅಗಲ ಆದ್ರ ಸರಳು ದೂರ ದೂರ ಹೋಗ್ತಾವ್ರಿ. ಕೂಸಿನ ತಲಿ ತೂರೂವಷ್ಟು ಸಂದು ಬೀಳ್ತದ. ಅದಕ್ಕ ಸಂದು ಎಂದೂ ದೊಡ್ಡದಾಗಬಾರದು, ಸರಳೇ ಹೆಚ್ಚಾಗಬೇಕು ಅಂತ ಮಾಡೀನಿ. ಅದಕ್ಕೊಂದು ಬೀಗಾನೂ ಹಾಕೀನಿ. ಯಾರೂ ಬದಲಾಯಿಸಲಾಕ ಆಗಂಗಿಲ್ಲ, ನಾನೂ ಸೈತ."

ಚಂದ್ರಭಾಗಾಬಾಯಿ ಎಡಗೈಯಿಂದ ಮಂಚದ ಪಟ್ಟಿಯನ್ನು ಎರಡು ಸಲ ತಟ್ಟಿದರು. ಅವರ ಪಾಲಿಗೆ ಅದು ಚಪ್ಪಾಳೆ.

ಎರಡನೆಯ ಪರೀಕ್ಷೆಗೆ ಅದೇ ಅಧಿಕಾರಿ ಬಂದರು. ಈ ಸಲ ಮಹಾನಂದಾ ಪರದೆಯ ಮೇಲೆ ಕಿಟಕಿಯ ಅಂಚು ಹಿಡಿದು ಮೆಲ್ಲಗೆ ಎಳೆದಳು. ಗೋಡೆ ಗುಂಯ್ ಎಂದು ಸಣ್ಣಗೆ ದನಿ ಮಾಡಿತು. ಕಲ್ಲು ಹಿಂದೆ ಸರಿಯಿತು. ಚೌಕಟ್ಟು ಅದರ ಜೊತೆಗೇ ಹೋಯಿತು. ಗಾಜಿನ ಹೊಸ ಪಟ್ಟಿಯೊಂದು ಹಿಂದಿನಿಂದ ಜಾರಿ ಬಂದು ತನ್ನ ಜಾಗದಲ್ಲಿ ನಿಂತಿತು. ಎರಡು ಸರಳುಗಳ ನಡುವೆ ಮೊದಲು ಎಳೆಯಷ್ಟು ತೆಳ್ಳಗಿನ ಇನ್ನೊಂದು ಸರಳು ಮೂಡಿ, ನೋಡನೋಡುತ್ತ ಬೆರಳಿನ ಗಾತ್ರಕ್ಕೆ ಬಲಿಯಿತು. ಬಿಸಿಲು ಕೋಣೆಯೊಳಗೆ ಚಾಪೆ ಬಿಚ್ಚಿದಂತೆ ಹರವಿಕೊಂಡಿತು. ಅಧಿಕಾರಿ ಹತ್ತಿರ ಹೋಗಿ ಚಿಲಕ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಚಿಲಕ ಟಕ್ಕೆಂದು ತೂತಿಗೆ ಬೀಳುತ್ತಿತ್ತು. ಗಲಗಲಿಯವರು ಮಹಾನಂದಾಳ ಕಡೆ ತಿರುಗಿ ಕನ್ನಡಕ ಒರೆಸುತ್ತ ನಿಂತುಬಿಟ್ಟರು.

*

ಹೊಂಬಿಸಿಲು ಎಂದು ಹೆಸರಿಟ್ಟ ಆ ಐದು ಮಹಡಿಯ ಕಟ್ಟಡಕ್ಕೆ ಜನ ಬಂದು ಸೇರಿದರು. ಮಹಾನಂದಾಳ ಮನೆಯವರೂ ನಾಲ್ಕನೆಯ ಮಹಡಿಗೆ ಬಂದರು. ಅವಳು ಅಲ್ಲಿ ಮಾಡಿದ ಮೊದಲ ಕೆಲಸವೆಂದರೆ ಅತ್ತೆಯ ಕೋಣೆಯ ಕಿಟಕಿಯ ಕೆಳ ಅಂಚನ್ನು ಮಂಚದ ಮಟ್ಟಕ್ಕೆ ಇಳಿಸಿದ್ದು. ಮಲಗಿದಲ್ಲಿಂದಲೇ ಚಂದ್ರಭಾಗಾಬಾಯಿಗೆ ರಸ್ತೆ, ಬೇವಿನಮರ, ಅದರ ಕೆಳಗೆ ಬದನೆಕಾಯಿ ಮಾರುವವಳ ಗಾಡಿ ಎಲ್ಲವೂ ಕಂಡವು. ಆ ದಿನ ಅವರು ಊಟಕ್ಕೆ ಕರೆದರೂ ಇತ್ತ ತಿರುಗಲಿಲ್ಲ.

ಬೇಸಿಗೆಯಲ್ಲಿ ಸೂರ್ಯ ನೆತ್ತಿಗೇರುತ್ತಿದ್ದಂತೆ ಇಡೀ ಕಟ್ಟಡದ ಕಿಟಕಿಗಳು ಕಣ್ಣು ಕಿರಿದು ಮಾಡಿಕೊಂಡಂತೆ ಸಣ್ಣವಾಗುತ್ತಿದ್ದವು. ಸಂಜೆಗಾಳಿ ಎದ್ದಾಗ ಗೋಡೆಯ ತುಂಬ ತೆರೆದುಕೊಳ್ಳುತ್ತಿದ್ದವು. ಮನೆಮನೆಯಲ್ಲೂ ಒಂದು ಸಣ್ಣ ಫಲಕವಿತ್ತು. ಬೇಕಾದಾಗ ತಮಗೆ ಬೇಕಾದಂತೆ ಮಾಡಿಕೊಳ್ಳಬಹುದಿತ್ತು. ಎರಡನೆಯ ಮಹಡಿಯ ಒಬ್ಬರು ಮಗಳ ಪರೀಕ್ಷೆ ಮುಗಿಯುವವರೆಗೆ ರಸ್ತೆ ಕಡೆಯ ಕಿಟಕಿಯನ್ನು ಅಂಗೈಯಗಲಕ್ಕೆ ಇಳಿಸಿದ್ದರು. ಅವರು ಆಫೀಸಿಗೆ ಹೋದ ಕೂಡಲೇ ಮಗಳು ಅದನ್ನು ಹಿಗ್ಗಿಸುತ್ತಿದ್ದಳು. ಅವರ ಸ್ಕೂಟರ್ ಸದ್ದಾದರೆ ಕುಗ್ಗಿಸುತ್ತಿದ್ದಳು. ಎದುರು ಮನೆಯವರಿಗೆಲ್ಲ ಇದು ದಿನದ ತಮಾಷೆಯಾಗಿತ್ತು.

ಜಗಳಗಳೂ ಬಂದವು. ಗೋಡೆಯಲ್ಲಿ ಇರುವುದು ಇದ್ದಷ್ಟೇ ಹಿಟ್ಟು. ಒಬ್ಬರು ಕಿಟಕಿ ಹಿಗ್ಗಿಸಿದರೆ ಅಲ್ಲಿಂದ ಸರಿದ ಕಲ್ಲು ಇನ್ನೊಂದು ಕಡೆ ಹೋಗಲೇಬೇಕು. ಸಾಮಾನ್ಯವಾಗಿ ಅದು ಮೇಲಿನ ಅಥವಾ ಕೆಳಗಿನ ಮನೆಯ ಕಿಟಕಿಯನ್ನು ತುಸು ತಿನ್ನುತ್ತಿತ್ತು. ಮೂರನೆಯ ಮಹಡಿಯಲ್ಲಿ, ಚಂದ್ರಭಾಗಾಬಾಯಿಯವರ ಕೋಣೆಯ ನೇರ ಕೆಳಗೆ, ನಸೀಮಾ ಎಂಬಾಕೆ ಹೊಲಿಗೆ ಕ್ಲಾಸ್ ನಡೆಸುತ್ತಿದ್ದಳು. ಬೆಳಗ್ಗೆ ನಾಲ್ಕು ಹುಡುಗಿಯರು ಅವಳ ಹತ್ತಿರ ಬರುತ್ತಿದ್ದರು. ಅವಳಿಗೆ ಬೆಳಕು ಬೇಕು. ಅವಳ ಕಿಟಕಿ ಹಿಗ್ಗಿದಾಗಲೆಲ್ಲ ಮೇಲಿನವರ ಬೇವಿನಮರ ಅರ್ಧಕ್ಕೆ ತುಂಡಾಗುತ್ತಿತ್ತು.

ಒಂದೆರಡು ದಿನ ನೋಡಿದ ಚಂದ್ರಭಾಗಾಬಾಯಿ ಕಿಟಕಿಯಿಂದಲೇ ಕೂಗಿದರು. "ಯಾರವಾ ಕೆಳಗಿನಾಕಿ? ನನ್ನ ಗಿಡ ಯಾಕ ತಿನ್ನಕತ್ತಿ?"

"ನಾನ್ರೀ ಆಯಿ, ನಸೀಮಾ! ಕಪ್ಪು ಅರಿವಿಗಿ ಕಪ್ಪು ದಾರ, ಕಣ್ಣಿಗಿ ಏನೂ ಕಾಣವಲ್ದು!"

ಚಂದ್ರಭಾಗಾಬಾಯಿ ಮತ್ತೆ ಕೂಗಿದರು. "ಹಂಗಾದ್ರ ಮುಂಜಾನಿ ನಿನಗ, ಸಂಜಿಮುಂದ ನನಗ. ಆತೇನು?"

"ಆತ್ರೀ ಆಯಿ!"

ಅಂದಿನಿಂದ ಸಂಜೆಯ ಹೊತ್ತು ನಸೀಮಾ ಮೇಲಕ್ಕೆ ಬಂದು ಅವರ ಪಕ್ಕ ಕೂತು ಹರಟೆ ಹೊಡೆಯುವುದು ರೂಢಿಯಾಯಿತು.

*

ಬೆಂಕಿ ಹತ್ತಿದ್ದು ಬೇಸಿಗೆಯ ಒಂದು ಬೆಳಗ್ಗೆ. ನೆಲಮಹಡಿಯಲ್ಲಿ ಚಾರ್ಜಿಗೆ ಹಾಕಿದ್ದ ಸ್ಕೂಟರೊಂದರ ಬ್ಯಾಟರಿ ಸಿಡಿಯಿತು. ಪಕ್ಕದ ವಾಹನಗಳಿಗೂ ಹತ್ತಿಕೊಂಡಿತು. ಕಪ್ಪು ಹೊಗೆ ಚಿಮಣಿ ಏರಿದಂತೆ ಮೆಟ್ಟಿಲ ದಾರಿಯಲ್ಲಿ ಮೇಲಕ್ಕೆದ್ದಿತು. ಹೆಚ್ಚಿನವರು ಕೆಲಸಕ್ಕೆ ಹೋಗಿದ್ದರು. ಕೆಳಗಿನ ಎರಡು ಮಹಡಿಯವರು ಮೂಗಿಗೆ ಸೆರಗು ಹಿಡಿದು ಓಡಿ ಪಾರಾದರು. ಐದನೆಯ ಮಹಡಿಯವರು ತಾರಸಿಗೆ ಹತ್ತಿದರು. ನಡುವೆ ಸಿಕ್ಕವರು ನಸೀಮಾ ಮತ್ತು ಅವಳ ನಾಲ್ಕು ಹುಡುಗಿಯರು. ಅವರ ಮೇಲಿನ ಮನೆಯಲ್ಲಿ ಚಂದ್ರಭಾಗಾಬಾಯಿ ಒಬ್ಬರೇ. ಅವರನ್ನು ನೋಡಿಕೊಳ್ಳುತ್ತಿದ್ದ ಕಮಲಾಬಾಯಿ ಔಷಧ ತರಲು ಇಳಿದಿದ್ದವಳು ಈಗ ರಸ್ತೆಯಲ್ಲಿ ನಿಂತು ಎದೆ ಎದೆ ಬಡಿದುಕೊಳ್ಳುತ್ತಿದ್ದಳು.

ಊರಿನ ಇನ್ನೊಂದು ತುದಿಯಲ್ಲಿ, ಪ್ರಯೋಗಾಲಯದ ನಿಯಂತ್ರಣ ಕೊಠಡಿಯಲ್ಲಿ ಹೊಂಬಿಸಿಲು ಕಟ್ಟಡದ ನಕ್ಷೆ ಕೆಳಗಿನಿಂದ ಕೆಂಪಾಗುತ್ತ ಬಂತು. ಮಹಾನಂದಾ ಮತ್ತು ಗಲಗಲಿಯವರು ಅದರ ಮುಂದೆ ನಿಂತಿದ್ದರು. ಅಗ್ನಿಶಾಮಕ ದಳದವರ ಮುಖ್ಯಸ್ಥರು ಸ್ಥಳದಿಂದಲೇ ಮಾತಾಡುತ್ತಿದ್ದರು. "ಮೇಡಮ್, ಏಣಿ ಮೂರನೇ ಅಂತಸ್ತಿಗಿ ಮುಟ್ಟೇದ. ಆದ್ರ ಕಿಟಕಿ ತುಂಬ ಸರಳು ಅವ. ಕೊಯ್ಯಲಾಕ ಹತ್ತೀವಿ, ಕಲ್ಲು ಭಾಳ ಗಟ್ಟಿ ಅದ. ಒಳಗ ಹುಡುಗ್ಯಾರು ಕೆಮ್ಮಲಾಕತ್ತಾರ. ನೀವು ಅಲ್ಲಿಂದ ಸರಳು ತೆಗೀರಿ!"

ಮಹಾನಂದಾ ಕಿಟಕಿಯನ್ನು ಆರಿಸಿ ಸರಳುಗಳನ್ನು ಅಳಿಸಲು ಹೋದಳು. ಆಗುವುದಿಲ್ಲ ಎಂದಿತು ಯಂತ್ರ. ಕಿಟಕಿಯನ್ನು ಹಿಗ್ಗಿಸಿದಳು. ಇನ್ನೊಂದು ಸರಳು ಹುಟ್ಟಿಕೊಂಡಿತು. ಯಾರೂ ತೆಗೆಯಲಾರದಂತೆ ಅವಳೇ ಹಾಕಿದ್ದ ಬೀಗ ಅದು.

"ಬೀಗ ಒಡೀರಿ!" ಎಂದರು ಗಲಗಲಿ.

"ಒಡೀಬೇಕಂದ್ರ ಅರ್ಧ ದಿನ ಬೇಕ್ರಿ ಸರ್. ಇರ‍್ರಿ... ಇರ‍್ರಿ."

ಅವಳು ಒಂದು ಕ್ಷಣ ಕಣ್ಣು ಮುಚ್ಚಿದಳು. ಬೀಗ ಇರುವುದು ಕಿಟಕಿಗೆ. ಅಲ್ಲಿ ಕಿಟಕಿಯೇ ಇಲ್ಲದಿದ್ದರೆ? ಅವಳು ತಾನೇ ಮಾಡಿದ ಬಾಗಿಲಿನ ಘಟಕವನ್ನು ತೆಗೆದು ನಸೀಮಾಳ ಕಿಟಕಿಯ ಜಾಗಕ್ಕೆ ತಂದಿಟ್ಟಳು. ಬಾಗಿಲಿಗೆ ಸರಳಿಲ್ಲ. ಕಿಟಕಿಯನ್ನು ಬಾಗಿಲಾಗಿ ಬದಲಿಸು ಎಂದು ಹೇಳಿದಳು. ಈ ಸಲ ಯಂತ್ರ ಒಪ್ಪಿತು. ಆದರೆ ಒಂದು ಎಚ್ಚರಿಕೆಯನ್ನೂ ಕೊಟ್ಟಿತು: ಇಷ್ಟು ದೊಡ್ಡ ತೆರವಿನ ಮೇಲೆ ಗೋಡೆ ನಿಲ್ಲಬೇಕಾದರೆ ಮೇಲಿನ ಮಹಡಿಯ ಕಿಟಕಿ ಪೂರ್ತಿ ಮುಚ್ಚಿ ಅಖಂಡ ಕಲ್ಲಾಗಬೇಕು. ಇಲ್ಲಿಂದ ತೆಗೆದ ಕಲ್ಲನ್ನು ಇಡಲು ಬೇರೆ ಜಾಗವೂ ಇಲ್ಲ.

ಮೇಲಿನ ಮಹಡಿಯ ಕಿಟಕಿ ಎಂದರೆ ಅತ್ತೆಯ ಕಿಟಕಿ. ಬಾಗಿಲ ಸಂದಿಯಿಂದ ಹೊಗೆ ಬರುತ್ತಿರುವ ಕೋಣೆ. ಎದ್ದು ಅತ್ತಿತ್ತ ಸರಿಯಲಾಗದ ಜೀವ. ಸದ್ಯಕ್ಕೆ ಅವರು ಉಸಿರಾಡುತ್ತಿರುವುದೇ ಆ ಕಿಟಕಿಯಿಂದ.

ಗಲಗಲಿಯವರು ಪರದೆ ನೋಡಿದರು. ಅವರಿಗೂ ಅರ್ಥವಾಯಿತು.

ಮಹಾನಂದಾ ಅತ್ತೆಯ ಮಂಚದ ಪಕ್ಕದ ಫೋನಿಗೆ ಕರೆ ಮಾಡಿದಳು. ಮೊದಲ ಗಂಟೆಗೇ ಅವರು ಎತ್ತಿದರು.

"ಅತ್ತಿ, ಕೇಳಸ್ತದೇನ್ರಿ? ಆರಾಮದೀರಿ?"

"ಹೊಗಿ ಬರಲತ್ತದ. ಕಿಟಕಿ ಕಡಿ ಮುಖ ಮಾಡೀನಿ. ಕೆಳಗ ಹುಡುಗ್ಯಾರು ಒದರಲತ್ತಾರವಾ. ಅವರಿಗೇನರ ಮಾಡು."

"ಅದಕ್ಕ ಮಾಡೀನ್ರಿ ಫೋನು." ಎಂದಳು ಮಹಾನಂದಾ. "ಅವರಿಗಿ ದಾರಿ ಮಾಡಬೇಕಂದ್ರ ನಿಮ್ಮ ಕಿಟಕಿ ಮುಚ್ಚಬೇಕಾಗ್ತದ. ಪೂರಾ. ಅವರು ಇಳಿಯೂತನಕ. ಎಷ್ಟೊತ್ತು ಹಿಡೀತದೋ ನನಗ ಗೊತ್ತಿಲ್ಲ. ಏನು ಮಾಡ್ಲಿ ಅತ್ತಿ?"

ಆ ಕಡೆ ಕೆಮ್ಮು. ಆಮೇಲೆ ಆಸ್ಪತ್ರೆಯ ವಾರ್ಡಿನಲ್ಲಿ ಎಷ್ಟೋ ವರ್ಷ ಕೇಳಿಬಂದಿದ್ದ, ಈಗ ಒಂದೊಂದೇ ಶಬ್ದವಾಗಿ ಬರುತ್ತಿದ್ದ ದನಿ. "ಐದು ಮಂದಿ ಅದಾರ ಅವರು. ಅವರ ಕಡಿ ಹೊಗಿ ಜಾಸ್ತಿ ಅದ. ಮೊದಲ ಅವರು. ಇದರಾಗ ಕೇಳೂದೇನದ?" ಸ್ವಲ್ಪ ಉಸಿರು ತೆಗೆದುಕೊಂಡರು. "ಬಾಟಲಿ ನೀರು ಕೈಗಿ ಸಿಗ್ತದ. ಸೆರಗು ತೋಯಿಸಿ ಮೂಗಿಗಿ ಕಟ್ಕೋತೀನಿ. ಮುಚ್ಚವಾ, ಮುಚ್ಚು."

ಮಹಾನಂದಾ ಒತ್ತಿದಳು.

ಕಲ್ಲು ಅವಸರ ಮಾಡುವುದಿಲ್ಲ. ಪರದೆಯ ಮೇಲೆ ನಾಲ್ಕನೆಯ ಮಹಡಿಯ ಕಿಟಕಿ ನಾಲ್ಕೂ ಕಡೆಯಿಂದ ಕುಗ್ಗುತ್ತ ಬಂತು: ತಟ್ಟೆಯಗಲ, ಅಂಗೈಯಗಲ, ರೂಪಾಯಿಯಗಲ. ಆಮೇಲೆ ಇಲ್ಲ. ಅದರ ಕೆಳಗೆ ಸರಳುಗಳು ಒಂದೊಂದಾಗಿ ತೆಳುವಾಗಿ ಕರಗಿದವು. ಕಿಟಕಿಯ ಕೆಳ ಅಂಚು ಇಳಿದು ನೆಲ ಮುಟ್ಟಿತು. ಫೋನಿನಲ್ಲಿ ಅತ್ತೆಯ ಕೆಮ್ಮು ಕೇಳುತ್ತಲೇ ಇತ್ತು. ಮಹಾನಂದಾ ಫೋನನ್ನು ಕಿವಿಗೆ ಒತ್ತಿ ಹಿಡಿದು, ದಳದ ಮುಖ್ಯಸ್ಥರು ತಿಳಿಸಿದಂತೆಲ್ಲ, "ಆತ್ರಿ ಅತ್ತಿ, ಒಬ್ಬಾಕಿ ಇಳದ್ಲು... ಇಬ್ಬರು ಇಳದ್ರು..." ಎಂದು ಹೇಳುತ್ತ ಹೋದಳು. ಕಡೆಗೆ ನಸೀಮಾ ಏಣಿಯ ಮೇಲೆ ಕಾಲಿಟ್ಟಳು. ಇಳಿಯುವ ಮುಂಚೆ ಅವಳು ತಿರುಗಿ ಅಗ್ನಿಶಾಮಕ ದಳದವರ ತೋಳು ಹಿಡಿದು ಕಿರುಚಿದ್ದು ನಿಯಂತ್ರಣ ಕೊಠಡಿಗೂ ಕೇಳಿಸಿತು. "ಮ್ಯಾಲ ಆಯಿ ಅದಾರ! ಅವರ ಕಿಟಕಿ ಮುಚ್ಚೇದ! ಈ ಬಾಗಲದಾಗಿಂದ ಹೋಗ್ರಿ, ಹೋಗ್ರಿ ಲಗೂನ!"

ಉಸಿರಾಟದ ಮುಖವಾಡ ಹಾಕಿಕೊಂಡ ಇಬ್ಬರು ಅದೇ ದಾರಿಯಲ್ಲಿ ಒಳನುಗ್ಗಿ, ನಸೀಮಾಳ ಮನೆ ದಾಟಿ, ಕತ್ತಲು ಕವಿದ ಮೆಟ್ಟಿಲು ಹತ್ತಿದರು. ಅವರು ಬಾಗಿಲು ದಾಟಿದ ಕೂಡಲೇ ಮಹಾನಂದಾ, ಅವರು ಮರಳಿ ತೂರಿ ಬರುವಷ್ಟು ದಾರಿ ಬಿಟ್ಟು, ಕಲ್ಲನ್ನು ಮತ್ತೆ ಕೆಳಕ್ಕೆ ಇಳಿಸತೊಡಗಿದಳು. ಮೇಲಿನ ಗೋಡೆಯಲ್ಲಿ ಮೊದಲು ಸೂಜಿಮೊನೆಯಷ್ಟು ಬೆಳಕು ಬಿತ್ತು. ಫೋನಿನಲ್ಲಿ ಕೆಮ್ಮು ನಿಂತಿತ್ತು.

"ಅತ್ತಿ? ಅತ್ತಿ, ಮಾತಾಡ್ರಿ!"

ಬಾಗಿಲು ಒಡೆಯುವ ಸದ್ದು. ಭಾರದ ಬೂಟುಗಳ ಸದ್ದು. ಆಮೇಲೆ ಯಾರೋ ಒಬ್ಬ ಗಂಡಸು ಫೋನೆತ್ತಿಕೊಂಡ. "ಉಸಿರದ ಮೇಡಮ್. ಉಸಿರದ. ಒಯ್ಯಲತ್ತೀವಿ."

ಗಲಗಲಿಯವರು ಪಕ್ಕದ ಕುರ್ಚಿ ಎಳೆದು ಅವಳನ್ನು ಕೂರಿಸಿದರು.

*

ಚಂದ್ರಭಾಗಾಬಾಯಿಗೆ ಎಚ್ಚರವಾದದ್ದು ಮರುದಿನ. ತಾವೇ ದುಡಿದ ಆಸ್ಪತ್ರೆಯ ಹಾಸಿಗೆ. ಒಂದು ಕಡೆ ಸಿದ್ರಾಮ ತಾಯಿಯ ಪಾದ ಹಿಡಿದು ಕೂತಿದ್ದ. ಇನ್ನೊಂದು ಕಡೆ ನಸೀಮಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಮಹಾನಂದಾ ಬಾಗಿಲ ಹತ್ತಿರವೇ ನಿಂತಿದ್ದಳು. ಹತ್ತಿರ ಬರಲು ಅವಳಿಗೆ ಧೈರ್ಯ ಸಾಲಲಿಲ್ಲ.

"ನಂದಾ, ಬಾ ಇಲ್ಲಿ" ಎಂದರು ಅತ್ತೆ.

ಅವಳು ಬಂದು ಮಂಚದ ಅಂಚಿಗೆ ಕೂತಳು. "ನಾನೇ ನಿಮ್ಮನ್ನ ಕತ್ತಲದಾಗ ಹಾಕಿದೆ ಅತ್ತಿ."

"ಹುಚ್ಚಿ ಇದ್ದಿ." ಶಬ್ದಗಳು ಮೊದಲಿಗಿಂತಲೂ ನಿಧಾನವಾಗಿ ಬಂದವು; ನಡುವೆ ಒಮ್ಮೆ ನೀರು ಕುಡಿಸಬೇಕಾಯಿತು. "ನೀ ಕೇಳಲಾರದ ಮುಚ್ಚಿದ್ರ ನಾ ಅಂಜಿ ಸಾಯ್ತಿದ್ದೆ. ಏನಾಗಲತ್ತದ ಅಂತ ತಿಳೀತಿದ್ದಿಲ್ಲ. ನೀ ಕೇಳ್ದಿ. ನಾ ಹ್ಞೂಂ ಅಂದೆ. ಕೇಳಿದ ಮ್ಯಾಲ ಅದು ನೀ ಮುಚ್ಚಿದ್ದಲ್ಲ. ನಾ ಮುಚ್ಚಿದ್ದು."

ನಸೀಮಾ ಅವರ ಎಡಗೈಯನ್ನು ಎತ್ತಿ ತನ್ನ ಹಣೆಗೆ ಒತ್ತಿಕೊಂಡಳು.

ಆ ಮಾತು ಮಹಾನಂದಾಳ ತಲೆಯಿಂದ ಇಳಿಯಲಿಲ್ಲ. ಪ್ರಯೋಗಾಲಯಕ್ಕೆ ಮರಳಿದವಳೇ ಕಿಟಕಿಯ ಘಟಕವನ್ನು ಮತ್ತೆ ಬಿಚ್ಚಿದಳು. ಅಪಾಯ ಬಂದಾಗ ಒಂದು ಗುಂಡಿ ಒತ್ತಿದರೆ ಕಿಟಕಿ ಬಾಗಿಲಾಗಬೇಕು, ಸರಳು ಕರಗಬೇಕು, ಆ ಗುಂಡಿ ಒಳಗಿರುವವರ ಕೈಯಲ್ಲೇ ಇರಬೇಕು. ಇದಕ್ಕೆ ಯಾರ ತಕರಾರೂ ಇರಲಿಲ್ಲ. ತಕರಾರು ಬಂದದ್ದು ಅವಳು ಸೇರಿಸಿದ ಇನ್ನೊಂದು ನಿಯಮಕ್ಕೆ. ಒಬ್ಬರ ದಾರಿಗಾಗಿ ಇನ್ನೊಬ್ಬರ ಕಿಟಕಿ ಮುಚ್ಚಬೇಕಾಗಿ ಬಂದಾಗ, ಮುಚ್ಚುವ ಮುಂಚೆ ಯಂತ್ರ ಅವರನ್ನು ಕೇಳಬೇಕು.

"ಬೆಂಕಿ ಹತ್ತಿದಾಗ ಕೇಳಕೋತ ಕೂಡೂದೇನ್ರಿ?" ಎಂದರು ಗಲಗಲಿ. "ಲೆಕ್ಕ ನಮ್ಮ ಯಂತ್ರಕ್ಕ ಗೊತ್ತದ. ಎಲ್ಲಿ ಮಂದಿ ಜಾಸ್ತಿ ಅದಾರ, ಎಲ್ಲಿ ಹೊಗಿ ಜಾಸ್ತಿ ಅದ, ನೋಡಿ ಮುಚ್ಚತದ."

"ಲೆಕ್ಕ ಸರೀನೇ ಇರ್ತದ್ರಿ ಸರ್. ಆದ್ರ ಉಸಿರು ಅವರದು."

"ಬ್ಯಾಡ ಅಂದ್ರ?"

"ಪಕ್ಕದ ಮನಿಯವರಿಗಿ ಕೇಳೂದು. ಅವರೂ ಬ್ಯಾಡ ಅಂದ್ರ ಆಚಿಗಿನವರಿಗಿ. ಯಾರರ ಒಬ್ಬರು ಹ್ಞೂಂ ಅಂತಾರ."

"ಉತ್ತರಾನೇ ಬರದಿದ್ರ?"

ಇದನ್ನು ಅವಳು ಯೋಚಿಸಿದ್ದಳು. "ಉತ್ತರ ಬರಲಾರದ ಮನಿ ಕಿಟಕಿ ಮುಚ್ಚಲೇಬಾರದ್ರಿ. ಒಳಗ ಯಾರೋ ಎಚ್ಚರ ತಪ್ಪಿರಬಹುದು. ಅಲ್ಲಿಗಿ ಮೊದಲ ಮಂದಿ ಕಳಿಸಬೇಕು."

ಕಲ್ಲನ್ನು ಮಿದುವಾಗಿಸಲು ಅರ್ಧ ಆಯುಷ್ಯ ಕಳೆದ ಗಲಗಲಿಯವರು, ತಮಗಿಂತ ಎಷ್ಟೋ ಕಿರಿಯಳಾದ ಈ ಹೆಣ್ಣುಮಗಳನ್ನು ಮೊದಲ ಸಲ ನೋಡುವವರಂತೆ ನೋಡಿದರು. "ಬರೀರಿ ಹಂಗಾದ್ರ. ಕೆಳಗ ನಾನೂ ಸಹಿ ಮಾಡ್ತೀನಿ" ಎಂದರು.

ಕೇಳುವುದಕ್ಕೆ ಒಂದು ದನಿ ಬೇಕಿತ್ತು. ತಂತ್ರಾಂಶದವರು ಕಂಪ್ಯೂಟರಿನಲ್ಲಿ ಮಾಡಿದ ಹಲವು ದನಿಗಳನ್ನು ಕಳಿಸಿದರು. ಎಲ್ಲವೂ ವಿಮಾನ ನಿಲ್ದಾಣದ ಘೋಷಣೆಯಂತೆ ನುಣುಪಾಗಿದ್ದವು. ಮಹಾನಂದಾ ಯಾವುದನ್ನೂ ಒಪ್ಪಲಿಲ್ಲ. ಒಂದು ಸಂಜೆ ಮೈಕು ತಂದು ಅತ್ತೆಯ ಮುಂದೆ ಹಿಡಿದಳು.

"ನನ್ನ ದನಿ? ಅರ್ಧ ನಾಲಿಗಿ ಸತ್ತದ. ಯಾರಿಗಿ ತಿಳೀತದ?" ಎಂದು ಚಂದ್ರಭಾಗಾಬಾಯಿ ನಾಚಿಕೊಂಡರು. ಪಕ್ಕದಲ್ಲಿದ್ದ ನಸೀಮಾ, "ನನಗ ತಿಳೀತದಲ್ಲ ಆಯಿ. ನನಗ ತಿಳಿದ್ರ ಎಲ್ಲರಿಗೂ ತಿಳೀತದ. ಹೇಳ್ರಿ" ಎಂದು ಒತ್ತಾಯ ಮಾಡಿದಳು. ಆಗ ಅವರು ಗಂಟಲು ಸರಿಮಾಡಿಕೊಂಡು, ಒಂದೊಂದೇ ಶಬ್ದವನ್ನು ನಾಲಿಗೆಯಿಂದ ಬಿಡಿಸಿ ಹೇಳಿದರು:

"ಹತ್ತಿರದ ಮನಿಯವರಿಗಿ ದಾರಿ ಬೇಕಾಗ್ಯದ. ನಿಮ್ಮ ಕಿಟಕಿ ಸ್ವಲ್ಪ ಹೊತ್ತು ಮುಚ್ಚಲೇನು?"

ತಂತ್ರಾಂಶದವರು ಆ ತೊದಲನ್ನು ಸರಿಪಡಿಸಿ ಕೊಡುತ್ತೇವೆಂದರು. ಮಹಾನಂದಾ ಬೇಡವೆಂದಳು. ದನಿ ಇದ್ದಂತೆಯೇ ಹೋಯಿತು. ಮೂರು ವರ್ಷದಲ್ಲಿ ಹಿಗ್ಗುವ ಕಿಟಕಿಗಳು ರಾಜ್ಯದ ಬೇರೆ ಊರುಗಳಿಗೂ ಹೋದವು, ಕಟ್ಟಡದಿಂದ ಕಟ್ಟಡಕ್ಕೆ. ಪ್ರತಿ ಗೋಡೆಯೊಳಗೂ ಆ ಪ್ರಶ್ನೆ ಸದ್ದಿಲ್ಲದೆ ಕೂತಿತ್ತು. ಅದು ಕೇಳಿಬರುವ ಸಂದರ್ಭ ಬಾರದಿರಲಿ ಎಂದೇ ಎಲ್ಲರೂ ಬಯಸುತ್ತಿದ್ದರು.

ಬಂತು. ದಾವಣಗೆರೆಯ ಒಂದು ಕಟ್ಟಡದಲ್ಲಿ ಅಡುಗೆ ಅನಿಲ ಸೋರಿ ಬೆಂಕಿ ಹತ್ತಿತು. ಎರಡನೆಯ ಮಹಡಿಯಲ್ಲಿ ಬಾಣಂತಿಯೊಬ್ಬಳು ಎಳೆಗೂಸಿನೊಂದಿಗೆ ಸಿಕ್ಕಿಕೊಂಡಳು. ಮೇಲಿನ ಮನೆಯಲ್ಲಿ ಒಬ್ಬನೇ ವಾಸಿಸುತ್ತಿದ್ದ ಲಾರಿ ಚಾಲಕನಿದ್ದ. ರಾತ್ರಿಯೆಲ್ಲ ಗಾಡಿ ಓಡಿಸಿ ಬಂದು ಮಲಗಿದ್ದವನು ಹೊಗೆಗೆ ಎದ್ದು ಕಿಟಕಿಗೆ ಬಾಯಿಟ್ಟು ನಿಂತಿದ್ದ. ಅಕ್ಕಪಕ್ಕದಲ್ಲಿ ಯಾರಿದ್ದಾರೆಂದು ಕೂಡ ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ಬಾಣಂತಿ, ಕೂಸು, ಅವನು, ಮೂವರೂ ಅಂದು ಬದುಕಿ ಹೊರಬಂದರು.

ಕೆಲವು ದಿನಗಳ ಮೇಲೆ ಅಲ್ಲಿಯ ಧ್ವನಿಮುದ್ರಣ ಕಲಬುರಗಿಗೆ ಬಂತು. ಮಹಾನಂದಾ ಅದನ್ನು ಪ್ರಯೋಗಾಲಯದಲ್ಲಿ ಕೇಳಲಿಲ್ಲ. ಮನೆಗೆ ತಂದು ಅತ್ತೆಯ ಪಕ್ಕ ಕೂತು ಹಾಕಿದಳು. ಮೊದಲು ಚಟಪಟ ಸದ್ದು, ಯಾರದೋ ಕೂಗು. ಆಮೇಲೆ ಆ ನಿಧಾನದ, ಅಂಟುವ ದನಿಯಲ್ಲಿ ಪ್ರಶ್ನೆ. ಚಂದ್ರಭಾಗಾಬಾಯಿ ತಮ್ಮ ದನಿಯನ್ನು ತಾವೇ ಬೆರಗಿನಿಂದ ಕೇಳಿದರು. ನಂತರ ಕೆಮ್ಮಿನ ನಡುವೆ, ತಾವು ಎಂದೂ ಕಾಣದ ಒಬ್ಬ ಮನುಷ್ಯನ ಉತ್ತರ:

"ಮುಚ್ಚಜ್ಜಿ, ಮುಚ್ಚು. ಮಗು ಮೊದ್ಲು ಹೋಗ್ಲಿ."